ಗುಳಿಗೆ ಹೆಚ್ಚೈತೆ

ನಾನು ಬರೆದುಕೊಟ್ಟದ್ದರಲ್ಲಿ ಒಂದು ಅಕ್ಷರವೂ ತಪ್ಪಿಲ್ಲ ಎಂದು ವಿಚಾರಣಾ ಸಮಿತಿಯವರು ಲಿಖಿತವಾಗಿ ತಿಳಿಸಿದ್ದಾರೆ. ಆ ಕಾಗದ ನನ್ನ ಬೀರುವಿನಲ್ಲಿ ಅಂಕಪಟ್ಟಿಗಳ ಕೆಳಗಿದೆ. ಸಮಿತಿಯಲ್ಲಿದ್ದ ವಕೀಲರು ದಪ್ಪನೆಯ ನಿಘಂಟೊಂದನ್ನು ತಂದಿದ್ದರು. ನನ್ನೆದುರಿಗೇ ಪುಟ ತಿರುವಿ, ಒಂದು ಸಾಲಿನ ಮೇಲೆ ಬೆರಳಿಟ್ಟು, "ಹೆಚ್ಚು ಅಂದರೆ ಅಧಿಕವಾಗು, ಜಾಸ್ತಿಯಾಗು. ನೀವೂ ಹಾಗೇ ತಿಳಿದುಕೊಂಡಿರಿ, ಅಲ್ಲವೇ?" ಎಂದು ಕೇಳಿದರು. ಹೌದು ಎಂದೆ. "ಹಾಗಾದರೆ ನಿಮ್ಮ ಕಡೆಯಿಂದ ಲೋಪ ಇಲ್ಲ" ಎಂದು ಬರೆದುಕೊಂಡರು. ಆ ಸಾಲಿನ ಕೆಳಗೆ ಬೇರೆ ಅರ್ಥಗಳಿದ್ದವೋ ಇಲ್ಲವೋ, ಅವರ ಬೆರಳು ಅಲ್ಲಿಂದ ಮುಂದಕ್ಕೆ ಹೋಗಲಿಲ್ಲ. ಸಹಿ ಹಾಕಿ ಹೊರಗೆ ಬಂದಾಗ ಆ ನಿಘಂಟನ್ನು ಕಿತ್ತುಕೊಂಡು ಹೋಗಿ ಸಂತೆಹೊಂಡಕ್ಕೆ ಎಸೆಯಬೇಕು ಅನ್ನಿಸಿತ್ತು ನನಗೆ.

ಅಷ್ಟು ಹೊತ್ತಿಗೆ ಒಬ್ಬ ಮನುಷ್ಯ ಸತ್ತು ತಿಂಗಳಾಗಿತ್ತು.

ಅಕ್ಷರ ತಪ್ಪದಂತೆ ಬರೆಯುವ ಈ ಚಟ ನನಗೆ ಅಂಟಿದ್ದು ಕಲ್ಲುಗಳಿಂದ. ಇತಿಹಾಸದಲ್ಲಿ ಎಂ.ಎ. ಮುಗಿಸಿ ಮನೆಯಲ್ಲಿ ಕುಳಿತಿದ್ದಾಗ, ಶಾಸನಗಳ ಸಂಶೋಧನೆಯೊಂದರಲ್ಲಿ ಕೆಲಸ ಸಿಕ್ಕಿತು. ಆರು ವರ್ಷ ಹಿರಿಯೂರು, ಹೊಸದುರ್ಗ ತಾಲ್ಲೂಕಿನ ಹೊಲ, ಕೆರೆ ಏರಿ, ಹಾಳು ಗುಡಿ ಎಲ್ಲ ಸುತ್ತಿದೆ. ಕಲ್ಲಿನ ಮೇಲೆ ಒದ್ದೆ ಕಾಗದ ಹೊದಿಸಿ, ಬ್ರಷ್ಷಿನಿಂದ ಹೊಡೆದು ಹೊಡೆದು ಅಕ್ಷರದ ತಗ್ಗಿಗೆ ಕೂರಿಸಿ, ಮೇಲೆ ಮಸಿ ಒತ್ತಿದರೆ ಬರಹ ಬೆಳ್ಳಗೆ ಮೇಲೇಳುತ್ತಿತ್ತು. ಅದನ್ನು ಓದಿ ನೋಟ್‌ಬುಕ್ಕಿಗೆ ಇಳಿಸುವುದು ನನ್ನ ಕೆಲಸ. ತಪ್ಪು ಹಿಡಿಯುವುದು ನಮ್ಮ ಮೇಷ್ಟ್ರ ಕೆಲಸ. ಅವರೂ ಈ ಕಡೆಯವರೇ. ಲೇಖನ ಬರೆದರೆ ಗಟ್ಟಿ ಪುಸ್ತಕದ ಕನ್ನಡ, ಬಾಯಿ ತೆರೆದರೆ ಅಪ್ಪಟ ಊರಿನ ಮಾತು.

ಶ್ರೀರಾಂಪುರದ ಹತ್ತಿರ ಒಂದು ಹೊಲದ ಬದುವಿನಲ್ಲಿ ಒಂದು ವೀರಗಲ್ಲು ಮಲಗಿತ್ತು. ಊರಿನ ಹೆಂಗಸರು ಅದರ ಬೆನ್ನ ಮೇಲೆ ಬಟ್ಟೆ ಒಗೆಯುತ್ತಿದ್ದರು. ಅದನ್ನು ಮಗುಚಿ ಹಾಕಿಸಿ ಓದಿದಾಗ ಒಂದು ಪದದ ನಡುವೆ ಒಂದು ಅಕ್ಷರ ಇರಲಿಲ್ಲ. ಕಲ್ಲು ಕೆತ್ತಿದವನೇ ಬಿಟ್ಟಿದ್ದ. ನಾನು ಜಾಣತನ ಮಾಡಿ ಸೇರಿಸಿ ಬರೆದೆ. ಮೇಷ್ಟ್ರು ನೋಟ್‌ಬುಕ್ ನೋಡಿ, "ಏನವ್ವ, ಇದು ಕಲ್ಲಿನಾಗೆ ಐತಾ?" ಎಂದರು.

"ಇಲ್ಲ ಸಾರ್. ಇರಬೇಕಿತ್ತು."

"ಇರಬೇಕಿತ್ತು ಅಂತ ಬರೆಯಾಕೆ ನೀನ್ಯಾರು? ಕಂಡದ್ದು ಬರಿ. ತಪ್ಪು ಬರೆದ್ರೆ ಸತ್ತೋನು ಎದ್ದು ಬಂದು ತಿದ್ದಾಕೆ ಆಗಲ್ಲ."

ಬಟ್ಟೆ ಒಗೆಯುತ್ತಿದ್ದ ಒಬ್ಬ ಮುದುಕಿ ಅಲ್ಲೇ ನಿಂತಿದ್ದಳು. ಆ ಪದವನ್ನು ನಾನು ಓದುವುದು ಕೇಳಿ, ಅದಕ್ಕೆ ತಮ್ಮ ಮನೆಯ ಕಡೆ ಬೇರೆ ಅರ್ಥ ಐತೆ ಎಂದು ಏನೋ ಹೇಳಲು ಬಂದಳು. "ಆಮ್ಯಾಕೆ ಹೇಳೀಯಂತೆ ಬಿಡಜ್ಜಿ" ಎಂದು ಅವಳನ್ನು ಕಳಿಸಿದವಳು ನಾನೇ. ಆಮೇಲೆ ಯಾರೂ ಅವಳನ್ನು ಕೇಳಲಿಲ್ಲ. ಕಲ್ಲಿನಲ್ಲಿದ್ದದ್ದು ಸಿಕ್ಕಿತ್ತು, ನಮಗೆ ಅಷ್ಟು ಸಾಕಿತ್ತು.

ಆ ಸಂಶೋಧನೆಯ ಅವಧಿ ಮುಗಿದ ಮೇಲೆ ಎರಡು ವರ್ಷ ಖಾಲಿ ಇದ್ದೆ. ಮದುವೆ ಬೇಡವೆಂದು ಅಣ್ಣನ ಮನೆಯಲ್ಲಿ ಉಳಿದವಳಿಗೆ ಖಾಲಿ ಇರುವುದು ಸುಲಭವಲ್ಲ. ಆಗ ದುರ್ಗದಲ್ಲೇ ವೈದ್ಯಕೀಯ ಸಂಶೋಧನೆಯೊಂದಕ್ಕೆ, ಕೇಳಿದ್ದನ್ನು ಕೇಳಿದ ಹಾಗೇ ಟೈಪ್ ಮಾಡುವವರು ಬೇಕಾಗಿದ್ದಾರೆಂದು ತಿಳಿಯಿತು. ನನಗೆಂದೇ ಮಾಡಿದ ಕೆಲಸ ಅನ್ನಿಸಿತು. ಕೋರ್ಟಿನ ಹತ್ತಿರ, ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆ. ಕಿಟಕಿ ತೆಗೆದರೆ ಬೆಟ್ಟದ ಬಂಡೆಗಳ ಝಳ ನೇರ ಮುಖಕ್ಕೆ ಹೊಡೆಯುತ್ತಿತ್ತು, ಮುಚ್ಚಿದರೆ ಕೆಳಗಿನ ಮೆಷಿನ್ನಿನ ವಾಸನೆ.

ಸಂಶೋಧನೆ ಮೂರ್ಛೆರೋಗದ ಕುರಿತಾದದ್ದು. ನಮ್ಮ ಕಡೆ ಅದನ್ನು ಬೀಳೋ ಕಾಯಿಲೆ ಎನ್ನುತ್ತಾರೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಈ ನಾಲ್ಕು ತಾಲ್ಲೂಕಿನ ರೋಗಿಗಳ ಮನೆಗೇ ವಾರವಾರ ಮಾತ್ರೆಯ ಪೊಟ್ಟಣ ಹೋಗುತ್ತಿತ್ತು. ಪ್ರತಿ ಸೋಮವಾರ ಹನ್ನೊಂದು ಗಂಟೆಗೆ ಒಂದು ಯಂತ್ರ ಅವರಿಗೆ ಫೋನ್ ಮಾಡಿ, ಹುಡುಗಿಯ ದನಿಯಲ್ಲಿ, "ನಮಸ್ಕಾರ. ನಿಮ್ಮ ಮನೆಯಲ್ಲಿ ಮಾತ್ರೆ ಎಷ್ಟು ಉಳಿದಿದೆ? ಬೀಪ್ ಸದ್ದಿನ ನಂತರ ಹೇಳಿ" ಎಂದು ಕೇಳುತ್ತಿತ್ತು. ಉತ್ತರಕ್ಕೆ ಐದು ಸೆಕೆಂಡು. ಮತ್ತೆ ಬೀಪ್. "ನಿಮ್ಮ ಉತ್ತರ ದಾಖಲಾಗಿದೆ. ಧನ್ಯವಾದ."

ನಮ್ಮ ಜನಕ್ಕೆ ಐದು ಸೆಕೆಂಡು ಗಂಟಲು ಸರಿ ಮಾಡಿಕೊಳ್ಳುವುದಕ್ಕೂ ಸಾಲದು. ಜವನಗೊಂಡನಹಳ್ಳಿಯ ಒಬ್ಬ ತಾತ ಮೂರು ವಾರ ಸತತವಾಗಿ, "ಹೂಂ ಕಣವ್ವ, ನೀನು ಉಂಡ್ಯಾ? ನಿಮ್ಮ ಊರಾಗೆ ಮಳೆ ಹೆಂಗೆ?" ಎಂದು ಯಂತ್ರವನ್ನು ವಿಚಾರಿಸಿಕೊಳ್ಳುವಷ್ಟರಲ್ಲಿ ಬೀಪ್ ಆಗಿಹೋಗುತ್ತಿತ್ತು. ಅದನ್ನೂ ನಾನು ಹಾಗೇ ಟೈಪ್ ಮಾಡಿದ್ದೇನೆ, ಪ್ರಶ್ನಾರ್ಥಕ ಚಿಹ್ನೆ ಸಮೇತ.

ಟೈಪ್ ಮಾಡಿದ ಮೇಲೆ ಮೂರು ಖಾನೆಗಳಲ್ಲಿ ಒಂದಕ್ಕೆ ಗುರುತು ಹಾಕಬೇಕು. ಇಲ್ಲ, ಕಡಿಮೆ, ಹೆಚ್ಚು. ‘ಇಲ್ಲ’ ಎಂದರೆ ಎರಡು ದಿನದೊಳಗೆ ಪೊಟ್ಟಣ ಹೋಗಬೇಕು. ‘ಕಡಿಮೆ’ ಎಂದರೆ ವಾರದ ವ್ಯಾನಿನಲ್ಲಿ. ‘ಹೆಚ್ಚು’ ಎಂದರೆ ಆ ವಾರ ಪೊಟ್ಟಣ ಇಲ್ಲ, ಯಾಕೆಂದರೆ ಮಾತ್ರೆ ಮನೆಯಲ್ಲಿ ಗುಡ್ಡೆ ಬಿದ್ದಿದೆ, ರೋಗಿ ನುಂಗುತ್ತಿಲ್ಲ ಎಂದು ಲೆಕ್ಕ. ನಾನು ಹಾಕುವ ಗುರುತುಗಳನ್ನು ನೋಡಿ ನೋಡಿ ಯಂತ್ರ ಕಲಿಯುತ್ತಿತ್ತು. ಸ್ವಲ್ಪ ದಿನಕ್ಕೆ ಸುಲಭದ ಮಾತುಗಳನ್ನು ತಾನೇ ಗುರುತಿಸತೊಡಗಿತು. ಯಾರಾದರೂ "ಇಲ್ಲ", "ಮುಗಿದೋಗೈತೆ" ಎಂದರೆ, ಎರಡು ದಿನದೊಳಗೆ ಬರುತ್ತದೆ ಎಂದು ಅಲ್ಲೇ ಉತ್ತರವನ್ನೂ ಕೊಡುತ್ತಿತ್ತು. ಮಿಕ್ಕವರಿಗೆ ದಾಖಲಾಗಿದೆ, ಧನ್ಯವಾದ, ಅಷ್ಟೇ.

ಕೆಲಸಕ್ಕೆ ಸೇರಿದ ದಿನವೇ ಅಲ್ಲಿನ ಸಂಯೋಜಕರು ನನಗೆ ಹೇಳಿದ್ದರು. ಅವರು ಹೊರಗಿನಿಂದ ಬಂದ ಯುವ ಡಾಕ್ಟರು, ಒಳ್ಳೆಯವರು. "ಈ ಮಾತ್ರೆ ಒಂದೇ ಸಲ ನಿಂತರೆ ಫಿಟ್ಸ್ ಮೊದಲಿಗಿಂತ ಜೋರಾಗಿ ಬರುತ್ತೆ ಮೇಡಂ. ಜೀವಕ್ಕೇ ಅಪಾಯ. ಅದಕ್ಕೇ ಇಷ್ಟೆಲ್ಲ." ಅಂದರೆ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ನಾನು ಎಲ್ಲಿಯೂ ಹೇಳುವ ಹಾಗಿಲ್ಲ.

ರೋಗಿಗಳ ಹೆಸರು ನಮಗೆ ತಿಳಿಯಬಾರದೆಂಬ ಕಾನೂನು, ಹಾಗಾಗಿ ಎಲ್ಲರಿಗೂ ನಂಬರು. ಇನ್ನೂರ ಹದಿನಾಲ್ಕು ಎಂದರೆ ನನಗೆ ಒಂದು ಹೆಂಗಸಿನ ದನಿ. ರೋಗಿ ಅವಳ ಗಂಡ. ಅವನು ಆ ಹೊತ್ತಿಗೆ ಕೆಲಸದಲ್ಲಿರುತ್ತಿದ್ದ ಎಂದು ಕಾಣುತ್ತದೆ, ಫೋನ್ ಇವಳೇ ಎತ್ತುತ್ತಿದ್ದಳು. ಅವಳ ಮಾತಿನ ಹಿಂದೆ ಆಗಾಗ ರೈಲ್ವೆ ಸ್ಟೇಷನ್ನಿನ ಘೋಷಣೆ ಕೇಳಿಸುತ್ತಿತ್ತು, ಚಿಕ್ಕಜಾಜೂರು ಜಂಕ್ಷನ್ ಎಂದು. ಆದ್ದರಿಂದ ಅವಳು ಎಲ್ಲಿಯವಳೆಂದು ಯಾರೂ ಹೇಳದೆಯೇ ತಿಳಿದಿತ್ತು. "ನಮ್ಮನೆಯವ್ರ ಗುಳಿಗೆ ಎಂಟು ಅವೆ ಕಣವ್ವ" ಎನ್ನುವಳು. ಇನ್ನೊಂದು ವಾರ, "ನಾಕು ದಿನಕ್ಕೆ ಆಗ್ತಾವೆ". ಎಣಿಸಿ ಇಟ್ಟುಕೊಂಡು ಫೋನಿಗೆ ಕಾಯುತ್ತಿದ್ದ ಹೆಂಗಸು. ನಾನು ‘ಕಡಿಮೆ’ ಒತ್ತುತ್ತಿದ್ದೆ, ಪೊಟ್ಟಣ ಹೋಗುತ್ತಿತ್ತು.

ಬೇಸಿಗೆ ಏರುತ್ತಿದ್ದ ದಿನಗಳಲ್ಲಿ ಒಂದು ಸೋಮವಾರ ಅವಳ ದನಿ ಎಂದಿಗಿಂತ ತಗ್ಗಿತ್ತು.

"ನಮ್ಮನೆಯವ್ರ ಗುಳಿಗೆ ಹೆಚ್ಚೈತೆ ಕಣವ್ವ, ನೀವು..."

ಬೀಪ್. ಕೇಳಿದ್ದನ್ನು ಟೈಪ್ ಮಾಡಿದೆ, ನಡುವಿನ ಅಲ್ಪವಿರಾಮವನ್ನೂ ಬಿಡದೆ. ತೆರೆಯ ಮೇಲೆ ಮೂರು ಖಾನೆ. ಮೂರನೆಯದರ ಮೇಲೆ ಅವಳಾಡಿದ ಮಾತೇ ಅಚ್ಚಾಗಿತ್ತು, ‘ಹೆಚ್ಚು’ ಎಂದು. ಒತ್ತಿದೆ. ‘ನೀವು’ ಆದ ಮೇಲೆ ಏನು ಹೇಳಲು ಹೊರಟಿದ್ದಳು ಎಂದು ಒಂದು ಗಳಿಗೆ ಅನ್ನಿಸಿತು. ಮುಂದಿನ ನಂಬರು ಬಂತು.

ಮರುವಾರ ಅವಳ ದನಿಯಲ್ಲಿ ಅಸಹನೆ ಇತ್ತು. "ಹೋದ್ವಾರಾನೇ ಹೇಳಿದ್ನಲ್ಲವ್ವ. ಪೂರಾ ಹೆಚ್ಚೈತೆ."

ನನಗೂ ಸಿಟ್ಟು ಬಂತು. ಮನೆ ಬಾಗಿಲಿಗೆ ಬಿಟ್ಟಿ ಔಷಧಿ ಕಳಿಸಿದರೆ ನುಂಗದೆ ಗುಡ್ಡೆ ಹಾಕಿಕೊಂಡು, ಮೇಲೆ ನಮಗೇ ದಬಾಯಿಸುತ್ತಾಳಲ್ಲ, ಕೊಟ್ಟೋನು ಕೋಡಂಗಿ ಇಸ್ಕೊಂಡೋನು ಈರಭದ್ರ ಎಂದು ಬೈದುಕೊಂಡೇ ಗುರುತು ಹಾಕಿದೆ. ಎರಡು ವಾರ ‘ಹೆಚ್ಚು’ ಬಂದರೆ ನಂಬರಿನ ಪಕ್ಕ ಒಂದು ಕೆಂಪು ಸಾಲು ಮೂಡುತ್ತಿತ್ತು: ರೋಗಿ ಮಾತ್ರೆ ಸೇವಿಸುತ್ತಿಲ್ಲ. ಅದೂ ಮೂಡಿತು. ಮಾತ್ರೆ ಮಿಕ್ಕವರು ಹೀಗೆ ದನಿ ತಗ್ಗಿಸಿ ಹೇಳುತ್ತಾರೆಯೇ ಎಂಬ ಅನುಮಾನ ನನ್ನೊಳಗೆ ಎಲ್ಲೋ ಇತ್ತು. ಆದರೆ ಅನ್ನಿಸಿದ್ದನ್ನು ಬರೆಯುವ ಖಾನೆ ಅಲ್ಲಿರಲಿಲ್ಲ, ಇದ್ದರೂ ಬರೆಯುವವಳು ನಾನಲ್ಲ.

ಮೂರನೆಯ ವಾರದ್ದನ್ನು ಯಂತ್ರವೇ ಗುರುತಿಸಿ ನನ್ನ ಮುಂದಿಟ್ಟಿತ್ತು. ಹೆಚ್ಚು. ಕೆಳಗೆ ‘ಸರಿಯೇ?’ ಎಂಬ ಪ್ರಶ್ನೆ. ನನ್ನಿಂದ ಕಲಿತದ್ದನ್ನೇ ನನಗೆ ಒಪ್ಪಿಸಿತ್ತು. ಆದರೂ ಕಿವಿಗೆ ಹಾಕಿಕೊಂಡು ಕೇಳಿದೆ.

"ಹೆಚ್ಚೈತೆ ಅವ್ವಾ, ಹೆಚ್ಚೈತೆ... ತಡೀರಿ, ತಡೀರಿ..."

ಕೊನೆಯ ಮಾತು ಫೋನಿಗೆ ಹೇಳಿದ್ದಲ್ಲ. ಅವಳ ಏದುಸಿರಿನ ಹಿಂದೆ ನೆಲಕ್ಕೆ ಏನೋ ಬಡಿಯುತ್ತಿತ್ತು, ಒಂದೇ ಸಮ, ಬಿಡುವಿಲ್ಲದೆ. ಅದಕ್ಕೆ ಸಿಕ್ಕಿ ಒಂದು ಪಾತ್ರೆ ಉರುಳಿ ಗಿರಿಗಿರಿ ಸುತ್ತಿ ನಿಂತಿತು. ಬಡಿತ ಮಾತ್ರ ನಿಲ್ಲಲಿಲ್ಲ. ಬೀಪ್. ನಾನು ಅದನ್ನು ಮೂರು ಸಲ ಕೇಳಿದೆ. ಸದ್ದು ಏನೆಂದು ಪತ್ತೆ ಹಚ್ಚಲು ಕೇಳಿದೆನೇ ಹೊರತು, ಮಾತನ್ನು ಕೇಳಲಿಲ್ಲ. ಕಂಸದಲ್ಲಿ ‘ಹಿಂದೆ ಪಾತ್ರೆ ಬಿದ್ದ ಸದ್ದು’ ಎಂದು ಟೈಪ್ ಮಾಡಿ ‘ಸರಿ’ ಒತ್ತಿದೆ. ಇಷ್ಟು ಜತನದಿಂದ ಯಾರು ಮಾಡುತ್ತಾರೆ ಎಂದು ಹೆಮ್ಮೆ ಬೇರೆ.

ಆ ವಾರವೆಲ್ಲ ನನಗೆ ಸರಿಯಾಗಿ ಊಟ ಸೇರಲಿಲ್ಲ. ಯಾಕೆಂದು ಕೇಳಿದವರಿಗೆ ಬಿಸಿಲು ಎಂದೆ.

ಭಾನುವಾರ ಮಧ್ಯಾಹ್ನ ಅಣ್ಣ, ನಾನು ಊಟಕ್ಕೆ ಕುಳಿತಿದ್ದೆವು. ಅತ್ತಿಗೆ ಮುದ್ದೆ ಇಟ್ಟು, ಸಾರು ಬಡಿಸುತ್ತಾ, ಅಣ್ಣನ ಕಡೆ ತಿರುಗಿ, "ಉಪ್ಪು ಹೆಚ್ಚೈತೆ" ಎಂದರು.

ನಾನು ಆಗಲೇ ಒಂದು ತುತ್ತು ಅದ್ದಿ ಬಾಯಿಗಿಟ್ಟಿದ್ದೆ. "ಇಲ್ಲ ಅತ್ತಿಗೆ, ಸರಿಯಾಗೈತಲ್ಲ" ಎಂದೆ.

ಅತ್ತಿಗೆ ನಗತೊಡಗಿದರು. "ಸಾರಿಗಲ್ಲ ತಾಯಿ. ಡಬ್ಬಿಯಾಗೆ. ಸಂಜಿಕೆ ತರ್ಬೇಕು ಅಂತ ನಿಮ್ಮಣ್ಣಂಗೆ ಹೇಳಿದ್ದು. ಇಷ್ಟು ಓದೀಯ, ಇದು ಗೊತ್ತಾಗಲ್ವಾ?"

ಅಣ್ಣನೂ ನಕ್ಕ. ನನ್ನ ಕೈ ತಟ್ಟೆಯಲ್ಲೇ ನಿಂತುಬಿಟ್ಟಿತು.

ನನಗೆ ಗೊತ್ತಿತ್ತು. ಏಳು ವರ್ಷದವಳಾಗಿದ್ದಾಗಲೇ ಗೊತ್ತಿತ್ತು. ಅಕ್ಕಿ ಮುಗಿಯಿತು, ಅರಿಶಿನ ಇಲ್ಲ, ಕುಂಕುಮ ಖಾಲಿ ಎಂದು ನಮ್ಮಮ್ಮ ಯಾವತ್ತೂ ಬಾಯಿಬಿಟ್ಟು ಹೇಳಿದವಳಲ್ಲ. ಮನೆಯಲ್ಲಿ ಇರಬೇಕಾದ್ದು ಇಲ್ಲವಾದರೆ ‘ಹೆಚ್ಚೈತೆ’ ಎನ್ನಬೇಕು. ಕೈಯ ಬಳೆ ಒಡೆದರೂ ಒಡೆಯಿತು ಅನ್ನಬಾರದು, ಹೆಚ್ಚಿತು ಅನ್ನಬೇಕು. ‘ಇಲ್ಲ’ ಅಂದರೆ ಹೊಸಿಲ ಮೇಲಿನ ಅಸ್ತು ದೇವತೆ ಅಸ್ತು ಅಂದುಬಿಡುತ್ತಾಳೆ ಎಂದು ಅವಳ ಹೆದರಿಕೆ. ಹುಡುಗಿಯಾಗಿದ್ದಾಗ ಅಂಗಡಿಗೆ ಓಡಿಹೋಗಿ, "ಅಕ್ಕಿ ಹೆಚ್ಚೈತಂತೆ, ಎರಡು ಸೇರು ಕೊಡ್ರಿ" ಎಂದು ನಾನೇ ಎಷ್ಟು ಸಲ ತಂದಿಲ್ಲ. ಕಾಲೇಜು ಸೇರಿದ ಮೇಲೆ ಇದೆಲ್ಲ ಮೂಢನಂಬಿಕೆ ಎಂದು ಅವಳ ಬಾಯಿ ಮುಚ್ಚಿಸಿದೆ. ಅವಳು ಹೋದ ಮೇಲೆ ಆ ಮಾತು ನನ್ನ ತಲೆಯಿಂದಲೂ ಹೋಗಿತ್ತು. ಅತ್ತಿಗೆ ದಿನಾ ಆಡುತ್ತಿದ್ದರೇನೋ, ನಾನು ಅಡುಗೆಮನೆಯ ಮಾತಿಗೆ ಕಿವಿ ಕೊಡುತ್ತಿರಲಿಲ್ಲ.

ಎಂಜಲು ಕೈ ತೊಳೆದವಳೇ ಆಫೀಸಿಗೆ ಓಡಿದೆ. ಜೆರಾಕ್ಸ್ ಅಂಗಡಿಯವರನ್ನು ಮನೆಯಿಂದ ಕರೆಸಿ ಬೀಗ ತೆಗೆಸಿದೆ. ಆ ಪದವನ್ನು ಹಾಕಿ ಹುಡುಕಿದಾಗ ಇನ್ನೆರಡು ನಂಬರು ಸಿಕ್ಕವು. ಒಂದು ಹಿರಿಯೂರಿನ ಕಡೆಯದು, ಇನ್ನೊಂದು ಹೊಸದುರ್ಗದ ಕಡೆಯದು. ಎರಡೂ ಹೆಂಗಸರ ದನಿ, ಎರಡಕ್ಕೂ ಒಂದೊಂದೇ ವಾರದ ಗುರುತು. ಸಂಯೋಜಕರಿಗೆ ಫೋನ್ ಮಾಡಿದೆ. ಅವರು ದಾವಣಗೆರೆಯಲ್ಲಿದ್ದರು.

"ಹೆಚ್ಚಿದೆ ಅಂದ್ರೆ ಇಲ್ಲ ಅಂತ ಅರ್ಥಾನಾ ಮೇಡಂ? ಯಾವೂರಿನ ಕನ್ನಡ ಇದು?"

"ನಮ್ಮೂರಿಂದೇ ಸಾರ್. ನಾನೇ ಮರೆತಿದ್ದೆ."

ಮೂರೂ ಮನೆಗೆ ಅವರೇ ಫೋನ್ ಮಾಡಿದರು. ಎರಡು ಕಡೆ ಎತ್ತಿದರು, ಹತ್ತಿರದ ಆರೋಗ್ಯ ಕಾರ್ಯಕರ್ತೆಯರಿಂದ ಸಂಜೆಯೊಳಗೆ ಮಾತ್ರೆ ತಲುಪಿಸಿದ್ದಾಯಿತು. ಇನ್ನೂರ ಹದಿನಾಲ್ಕರ ಫೋನ್ ಸ್ವಿಚ್ ಆಫ್ ಆಗಿತ್ತು, ಆ ಕಡೆಯ ಕಾರ್ಯಕರ್ತೆಯೂ ಊರಿನಲ್ಲಿರಲಿಲ್ಲ. ಅವರು ತಮ್ಮ ಲ್ಯಾಪ್‌ಟಾಪಿನಲ್ಲಿ ಆ ಮನೆಯ ಕಡತ ತೆರೆದು ಓದಿ ಹೇಳಿದರು. ತಿಂಗಳ ಹಿಂದೆ ತಪಾಸಣೆಯಲ್ಲಿ ಅವನ ಮಾತ್ರೆಯನ್ನು ದಿನಕ್ಕೆ ಒಂದರಿಂದ ಎರಡಕ್ಕೆ ಏರಿಸಿದ್ದರು. ಪೊಟ್ಟಣ ಮಾತ್ರ ಹಳೆಯ ಅಳತೆಯಲ್ಲೇ ಹೋಗಿತ್ತು. ಮೊದಲನೆಯ ‘ಹೆಚ್ಚೈತೆ’ಯ ಹೊತ್ತಿಗೇ ಡಬ್ಬಿ ಬರಿದಾಗಿತ್ತು.

ಮಾತ್ರೆಯ ಬೀರುವಿನ ಕೀಲಿ ಅವರ ಹತ್ತಿರ ಇತ್ತು. ಸೋಮವಾರ ಬೆಳಿಗ್ಗೆ ಎಂಟಕ್ಕೆ ಬಂದರು. ಪೊಟ್ಟಣ ತೆಗೆದಿಟ್ಟು, "ನಿಯಮದ ಪ್ರಕಾರ ನೀವು ಹೋಗೋ ಹಾಗಿಲ್ಲ ಮೇಡಂ, ಹನ್ನೆರಡಕ್ಕೆ ವ್ಯಾನ್ ಹೋಗುತ್ತೆ" ಎಂದರು.

"ಹನ್ನೆರಡರ ತನಕ ಕಾಯಾಕೆ ನನ್ನಿಂದ ಆಗಲ್ಲ ಸಾರ್. ಬೇಕಾದ್ರೆ ಕೆಲಸದಿಂದ ತೆಗೀರಿ."

ಪೊಟ್ಟಣವನ್ನೂ ವಿಳಾಸದ ಚೀಟಿಯನ್ನೂ ಎತ್ತಿಕೊಂಡು ಮೆಟ್ಟಿಲಿಳಿದೆ. ಅವರು ತಡೆಯಲಿಲ್ಲ.

ಹೊಳಲ್ಕೆರೆಯಲ್ಲಿ ಬಸ್ ಬದಲಾಯಿಸಬೇಕಾಯಿತು. ದಾರಿಯುದ್ದಕ್ಕೂ ಒಂದೇ ಲೆಕ್ಕ ಹಾಕುತ್ತಿದ್ದೆ. ಒಬ್ಬ ಮನುಷ್ಯ ಮಾತ್ರೆಯಿಲ್ಲದೆ ಮೂರು ವಾರ ತಡೆದುಕೊಳ್ಳಬಹುದೇ? ಎಷ್ಟೋ ಜನ ತಡೆದುಕೊಂಡಿದ್ದಾರೆ, ಅಲ್ಲವೇ? ಫೋನಿಗೆ ಚಾರ್ಜು ಮುಗಿದಿರಬಹುದು. ಪಕ್ಕದಲ್ಲಿ ಕುಳಿತ ಹೆಂಗಸು ಎಲ್ಲಿಗೆ ಹೋಗ್ತೀರಿ ಎಂದು ಕೇಳಿದಳು. ನೆಂಟರ ಮನೆಗೆ ಎಂದೆ. "ಏನಾರ ಕಾರ್ಯ ಐತೇನ್ರಿ?" ಎಂದಳು. ನಾನು ಕಿಟಕಿಯ ಕಡೆ ತಿರುಗಿದೆ.

ಚೀಟಿಯಲ್ಲಿ ‘ಪಂಕ್ಚರ್ ಅಂಗಡಿ, ಸ್ಟೇಷನ್ ರಸ್ತೆ’ ಎಂದಿತ್ತು. ಅಂಗಡಿ ಸುಲಭವಾಗಿ ಸಿಕ್ಕಿತು. ತಗಡಿನ ಬಾಗಿಲು ಹಾಕಿತ್ತು. ಮುಂದೆ ಒಂದು ಗಾಡಿ ಹಿಂದಿನ ಚಕ್ರ ಕಳಚಿದ ಸ್ಥಿತಿಯಲ್ಲೇ ನಿಂತಿತ್ತು. ಗೋಡೆಗೆ ಒರಗಿಸಿ ಒಂದು ಕಬ್ಬಿಣದ ಬಾಣಲಿಯನ್ನು ಬೋರಲು ಹಾಕಿದ್ದರು, ಟ್ಯೂಬು ಅದ್ದಿ ತೂತು ಹುಡುಕುವ ನೀರಿನ ಬಾಣಲಿ. ಎದುರಿನ ಟೀ ಅಂಗಡಿಯವರನ್ನು ಮನೆ ಎಲ್ಲಿ ಎಂದು ಕೇಳಿದೆ.

"ಹಿಂದ್ಲ ಸಾಲಿನಾಗೆ, ಮೂರನೇದು. ನೀವು ಸಂಬಂಧಿಕರೇನ್ರಿ?"

"ಅಲ್ಲ. ಗುಳಿಗೆ ಕೊಡಾಕೆ ಬಂದೀನಿ."

ಅವರು ನನ್ನನ್ನೂ ನನ್ನ ಚೀಲವನ್ನೂ ನೋಡಿದರು. ಏನೋ ಹೇಳಲು ಹೋದವರು ಹೇಳದೆ, "ಹೋಗಿ ಬರ್ರಿ" ಎಂದು ಟೀ ಸೋಸತೊಡಗಿದರು.

ಬಾಗಿಲು ತೆರೆದೇ ಇತ್ತು. ಒಳಗೆ ಚಾಪೆಯ ಮೇಲೆ ಒಬ್ಬಳು ಕುಳಿತಿದ್ದಳು, ನನ್ನ ವಯಸ್ಸಿನವಳೇ ಇರಬೇಕು. "ಬರ್ರಿ, ಕುಂತ್ಕಳ್ರಿ" ಎಂದಳು. ಆ ದನಿ ನನಗೆ ನನ್ನ ದನಿಯಷ್ಟೇ ಪರಿಚಿತ. ಲೋಟದಲ್ಲಿ ನೀರು ತಂದು ಕೈ ಚಾಚಿದಳು. ಕೈಯಲ್ಲಿ ಬಳೆ ಇರಲಿಲ್ಲ.

ನಾನು ಲೋಟ ಹಿಡಿದುಕೊಂಡು ಕುಳಿತೆ.

"ಎಲ್ಲಿಂದ ಬಂದ್ರಿ?" ಎಂದಳು.

"ದುರ್ಗದಿಂದ. ಗುಳಿಗೆಗೆ ಫೋನ್ ಬರ್ತೈತಲ್ಲ, ಆ ಆಫೀಸಿಂದ."

ಅವಳು ಅಳುತ್ತಾಳೆ, ಬೈಯುತ್ತಾಳೆ, ಎದ್ದು ಬಂದು ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಏನೂ ಮಾಡಲಿಲ್ಲ. ಹೇಳುವುದನ್ನು ಎಷ್ಟೋ ಜನಕ್ಕೆ ಹೇಳಿ ರೂಢಿಯಾದವಳ ಹಾಗೆ ಹೇಳಿದಳು.

"ಬುಧವಾರ ಆತ್ರಿ. ಸೋಮವಾರ ಒಂದ್ಸಲ ಮನ್ಯಾಗೆ ಬಂದಿತ್ತು, ತಾನೇ ನಿಂತ್ಕಂತು. ಬುಧವಾರ ಅಂಗಡಿಗೆ ಹೋಗಬ್ಯಾಡ್ರಿ ಅಂದೆ, ಕೇಳ್ಲಿಲ್ಲ. ಟ್ಯೂಬು ನೀರಾಗೆ ಅದ್ದಿ ಗುಳ್ಳೆ ಎಲ್ಲಿ ಬರ್ತೈತೆ ಅಂತ ಬಗ್ಗಿ ನೋಡ್ತಿದ್ರಂತೆ. ಗಾಡಿ ಕೊಟ್ಟೋನು ಟೀ ಕುಡಿಯಾಕೆ ಹೋಗಿದ್ನಂತೆ. ಅವನು ಬಂದು ನೋಡಾದ್ರಾಗೆ ಬಾಣಲಿಯಾಗೆ ಮಖ ಇಟ್ಕಂಡು ಬಿದ್ದಿದ್ರಂತೆ." ನಾಲ್ಕು ಬೆರಳು ಅಡ್ಡ ಹಿಡಿದು ತೋರಿಸಿದಳು. "ಇಷ್ಟು ನೀರು ಕಣ್ರಿ. ಇಷ್ಟೇ."

ನಾನು ಯಾಕೆ ಹಾಗೆ ಕೇಳಿದೆನೋ. ತಪ್ಪು ಬೇರೆಯವರ ತಲೆಗೆ ಸ್ವಲ್ಪವಾದರೂ ದಾಟಲಿ ಎಂಬ ಹೇಡಿತನ ಇರಬೇಕು. "ಹೊರಗಡೆ ಮೆಡಿಕಲ್ ಸ್ಟೋರಿನಾಗೆ ತಗಾಬೋದಿತ್ತಲ್ಲ" ಎಂದೆ.

"ತಗಳಾಣ ಅಂದೆ ಕಣ್ರಿ. ಡಾಕ್ಟ್ರಿಗೆ ತಿಳಿಸ್ದೆ ಹೊರಗಿನ ಗುಳಿಗೆ ತಗಾಬಾರ್ದು ಅಂತ ಕಾಗದಕ್ಕೆ ಸಹಿ ಮಾಡಿಸ್ಕಂಡಿದ್ರಲ್ಲ. ನಮ್ಮನೆಯವ್ರು ಮಾತಿಗೆ ತಪ್ಪೋರಲ್ಲ. ಫೋನಿನಾಗೆ ತಿಳಿಸೀಯಲ್ಲ, ದಾಖಲಾಗೈತೆ ಅಂತ ಹೇಳೈತಲ್ಲ, ಬರ್ತಾವೆ ತಡಿ ಅಂದ್ರು. ದಿನಾ ವ್ಯಾನಿನ ದಾರಿ ನೋಡ್ತಿದ್ವಿ."

ಆ ಕಾಗದ ನಾನು ನೋಡಿದ್ದೆ. ಕಾನೂನಿಗೆ ಸರಿಯಾಗಿ ಬರೆದ ಕಾಗದ. ವೈದ್ಯರಿಗೆ ತಿಳಿಸದೆ ಎಂದೇ ಅದರಲ್ಲಿತ್ತು. ಇವರು ತಿಳಿಸಿದ್ದರು, ಒಂದಲ್ಲ ಮೂರು ಸಲ.

"ಮುಗೀತು ಅಂತ ಒಂದು ಮಾತು..." ಎಂದೆ.

ಅವಳು ಮೊದಲ ಸಲ ನನ್ನ ಮುಖ ನೆಟ್ಟಗೆ ನೋಡಿದಳು. "ಅವ್ರ ಜೀವ ಅದ್ರಾಗೆ ಐತೆ ಅಂತ ಡಾಕ್ಟ್ರೇ ಹೇಳಿದ್ರು. ಅಂಥದ್ದನ್ನ ಮುಗೀತು ಅಂತ ನನ್ನ ಬಾಯಾಗೆ ಹೆಂಗನ್ಲಿ? ಉಪ್ಪಿಗೆ ಅನ್ನಲ್ಲ, ಅಕ್ಕಿಗೆ ಅನ್ನಲ್ಲ. ಗಂಡನ ಗುಳಿಗೆಗೆ ಅಂತೀವೇನ್ರಿ? ನೀವಾಗಿದ್ರೆ ಅಂತಿದ್ರಾ?"

ಗೋಡೆಯ ಗೂಡಿನಲ್ಲಿ ಅವಳ ಫೋನ್ ಚಾರ್ಜಿಗೆ ಹಾಕಿತ್ತು. ನಾಲ್ಕು ದಿನದಿಂದ ಸತ್ತು ಬಿದ್ದಿದ್ದನ್ನು ಪಕ್ಕದ ಮನೆಯವರು ಬೆಳಿಗ್ಗೆ ಹಾಕಿಕೊಟ್ಟು ಹೋದರು ಎಂದಳು. ಆಮೇಲೆ ಕೇಳಿದಳು.

"ನಾನು ಹೇಳಿದ್ದು ಅಲ್ಲಿ ಕೇಳ್ತಿತ್ತೇನ್ರಿ?"

"ಕೇಳ್ತಿತ್ತು."

"ಮಿಷನ್ ಒಂದೇ ಕೇಳ್ತಿತ್ತಾ, ಯಾರಾರ ಮನುಷ್ಯರು ಇದ್ರಾ?"

"ನಾನಿದ್ದೆ" ಎಂದೆ. "ಬರ್ಕಂಡಿದ್ದು ನಾನೇ."

"ಮಾತು ಕೇಳಿದ್ರೆ ನೀವು ಈ ಕಡೆಯೋರೇ ಅನ್ನಿಸ್ತೈತೆ."

"ಹೌದು. ಈ ಕಡೆಯೋಳೇ."

ಅವಳು ಹೂಂ ಎಂದಳು. ಬೇರೆ ಏನಾದರೂ ಹೇಳಿದ್ದರೆ ನಾನು ತಡೆದುಕೊಳ್ಳುತ್ತಿದ್ದೆನೇನೋ. ಸ್ಟೇಷನ್ನಿನಲ್ಲಿ ಯಾವುದೋ ಗಾಡಿಯ ಘೋಷಣೆ ಶುರುವಾಯಿತು, ನಾನು ಹೆಡ್‌ಫೋನಿನಲ್ಲಿ ಕೇಳುತ್ತಿದ್ದ ಅದೇ ಘೋಷಣೆ. ಅದು ಮುಗಿಯುವ ಮೊದಲೇ ಗೂಡಿನಲ್ಲಿದ್ದ ಫೋನ್ ಬಡಿದುಕೊಂಡಿತು. ಸೋಮವಾರ, ಹನ್ನೊಂದು ಗಂಟೆ. ಪಟ್ಟಿಯಿಂದ ಆ ನಂಬರನ್ನು ತೆಗೆಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಯಾರಿಗೆ ಗೊತ್ತಿತ್ತು?

ನಾನು ಎತ್ತಬೇಡಿ ಎನ್ನುವುದರೊಳಗೆ ಅವಳು ಎತ್ತಿದ್ದಳು. ಕಿವಿಗಿಡದೆ, ದನಿ ಹೊರಗೆ ಕೇಳುವ ಹಾಗೆ ಅಂಗೈ ಮೇಲೆ ಹಿಡಿದುಕೊಂಡಳು.

"ನಮಸ್ಕಾರ. ನಿಮ್ಮ ಮನೆಯಲ್ಲಿ ಮಾತ್ರೆ ಎಷ್ಟು ಉಳಿದಿದೆ? ಬೀಪ್ ಸದ್ದಿನ ನಂತರ ಹೇಳಿ."

ಅವಳು ಬೀಪ್ ಆಗುವ ತನಕ ಕಾದಳು.

"ಮುಗಿದಾವೆ" ಎಂದಳು. ಈಗ ಆ ಮಾತಿಗೆ ಹೆದರಬೇಕಾದ್ದು ಅವಳಿಗೆ ಏನೂ ಉಳಿದಿರಲಿಲ್ಲ. "ಎಲ್ಲಾ ಮುಗಿದಾವೆ ಕಣವ್ವ."

ಯಂತ್ರ ಒಂದು ಕ್ಷಣವೂ ತಡಮಾಡಲಿಲ್ಲ. "ನಿಮ್ಮ ಉತ್ತರ ದಾಖಲಾಗಿದೆ. ಮಾತ್ರೆ ಬುಧವಾರದೊಳಗೆ ನಿಮ್ಮ ಮನೆಗೆ ತಲುಪುತ್ತದೆ. ದಯವಿಟ್ಟು ಮಾತ್ರೆ ತಪ್ಪಿಸಬೇಡಿ. ಧನ್ಯವಾದ."

ಅವಳು ಫೋನನ್ನು ಸೆರಗಿನಿಂದ ಒರೆಸಿ ಗೂಡಿನಲ್ಲಿಟ್ಟಳು. ನನ್ನ ಮಡಿಲಲ್ಲಿದ್ದ ಚೀಲದ ಬಾಯಿ ತೆರೆದಿತ್ತು, ಪೊಟ್ಟಣ ಕಾಣುತ್ತಿತ್ತು. ಅದನ್ನು ನೋಡಿದಳೋ ಇಲ್ಲವೋ, ನನ್ನ ಕಡೆ ತಿರುಗಿ ಹೇಳಿದಳು:

"ಬುಧವಾರ ಬರ್ತಾವಂತೆ."